ಅಂಡಮಾನಿನ ಬಿಡುವು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ವರ್ಗವಾಗಿ ಶ್ರೀ ವಿಜಯಪುರಂಗೆ (ಹಿಂದಿನ ಪೋರ್ಟ್ ಬ್ಲೇರ್) ಬಂದಿದ್ದೇವೆ. ಕಚೇರಿ ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ. ವಾರದ ದಿನಗಳಲ್ಲಿ ಹೊರಗಿನ ಚಟುವಟಿಕೆ ಸಾಧ್ಯವೇ?

ಉತ್ತರ: ಸಂಜೆಯ ಆಸೆ ಬಿಡಿ, ಬೆಳಗನ್ನು ಹಿಡಿಯಿರಿ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನೀವಿರುವುದು 92.7ರ ಆಸುಪಾಸಿನಲ್ಲಿ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ನಿಮ್ಮ ಸೂರ್ಯ ಗಡಿಯಾರಕ್ಕಿಂತ 40 ನಿಮಿಷ ಮುಂದಿದ್ದಾನೆ, ಬೆಂಗಳೂರಿನ ಸೂರ್ಯನಿಗಿಂತ ಸುಮಾರು ಒಂದು ಗಂಟೆ ಮುಂದೆ. ಬೇಸಿಗೆಯಲ್ಲಿ 5 ಗಂಟೆಗೇ ಬೆಳಕು. ಓಟ, ಸೈಕಲ್ಲುಗಳನ್ನು ಆರೂವರೆಯೊಳಗೆ ಮುಗಿಸಿದರೆ ಸೆಕೆಯ ಕಾಟವೂ ತಪ್ಪುತ್ತದೆ.

ಪ್ರಶ್ನೆ: ನಮಗೂ 12 ವರ್ಷದ ಮಗಳಿಗೂ ಈಜು ಬರುತ್ತದೆ. ದಡದಿಂದಲೇ ಸ್ನಾರ್ಕೆಲಿಂಗ್ (ಮಾಸ್ಕು ಹಾಕಿ, ಕೊಳವೆಯಿಂದ ಉಸಿರಾಡುತ್ತ ನೀರಡಿಯ ಲೋಕ ನೋಡುವ ಈಜು) ಶುರುಮಾಡಬೇಕೆಂದಿದೆ. ಏನು ಕೊಳ್ಳಬೇಕು, ಯಾವ ಹೊತ್ತಿಗೆ ಇಳಿಯಬೇಕು?

ಉತ್ತರ: ಮೊದಲು ಹೊತ್ತು, ಆಮೇಲೆ ಸಾಮಾನು. ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ತೀರಾ ಕಡಿಮೆ. ಏರುವ ವೇಗವೂ ಒಂದೇ ಸಮ ಇರುವುದಿಲ್ಲ: ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲೇ ಅರ್ಧದಷ್ಟು ನೀರು ಸರಿದಾಡುತ್ತದೆ, ಸೆಳೆತ ಜೋರಾಗಿರುವುದು ಆಗಲೇ. ಹೊಸಬರು ಉಬ್ಬರ ತುಂಬುವುದಕ್ಕೆ ಒಂದು ಗಂಟೆ ಮೊದಲು ಇಳಿದು, ನೀರು ಹಿಂದೆಗೆಯಲು ತೊಡಗುವ ಮುಂಚೆ ದಡ ಸೇರಬೇಕು. ಪೂರ್ತಿ ಇಳಿತದಲ್ಲಿ, ಉದಾಹರಣೆಗೆ ಶಹೀದ್ ದ್ವೀಪದ ಭರತ್‌ಪುರ ತೀರದಲ್ಲಿ, ಹವಳದ ಮೇಲೆ ಈಜುವಷ್ಟು ನೀರೇ ಉಳಿಯುವುದಿಲ್ಲ. ಮೊಣಕಾಲೂ ಕೆತ್ತುತ್ತದೆ, ಹವಳವೂ ಮುರಿಯುತ್ತದೆ.

ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತ ಪಟ್ಟಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಗೋಡೆಯ ಪಂಚಾಂಗವೇ ಸಾಕಷ್ಟು ಹೇಳುತ್ತದೆ: ಹುಣ್ಣಿಮೆಯ ದಿನ ನಿಮ್ಮ ತೀರದಲ್ಲಿ ಉಬ್ಬರ ತುಂಬಿದ ಹೊತ್ತನ್ನು ಬರೆದಿಡಿ, ಮುಂದಿನ ಪ್ರತಿ ದಿನಕ್ಕೆ ಸುಮಾರು 50 ನಿಮಿಷ ಕೂಡಿಸುತ್ತ ಹೋಗಿ. ಅಮಾವಾಸ್ಯೆಗೆ ಹೆಚ್ಚುಕಡಿಮೆ ಮೊದಲಿನ ಹೊತ್ತಿಗೇ ಬಂದು ನಿಲ್ಲುತ್ತದೆ.

ಮಾಸ್ಕಿಗೆ ಟೆಂಪರ್ಡ್ ಗಾಜು, ಸಿಲಿಕೋನ್ ಅಂಚು ಇರಲಿ. ಅಂಗಡಿಯಲ್ಲೇ ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ನೀರು ಸೋರಿದಾಗ ಎಲ್ಲರೂ ಪಟ್ಟಿ ಬಿಗಿಯುತ್ತಾರೆ, ಆಗ ಅಂಚು ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಕಾರಣ ಬಹುತೇಕ ಅಂಚಿನಡಿ ಸಿಕ್ಕಿದ ಕೂದಲು ಅಥವಾ ಮೀಸೆ. ಹೊಸ ಗಾಜಿನ ಮೇಲೆ ತಯಾರಿಕೆಯಲ್ಲಿ ಉಳಿದ ತೆಳು ಪೊರೆ ಇರುವುದರಿಂದ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟಿನಿಂದ ಒಳಬದಿಯನ್ನು ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಆಮೇಲೆ ಪ್ರತಿ ಸಲ ಒಂದು ಹನಿ ಬೇಬಿ ಶಾಂಪೂ ಸಾಕು.

ಮಗಳಿಗೆ ಮಕ್ಕಳ ಅಳತೆಯ ಕೊಳವೆಯೇ ಬೇಕು. ದೊಡ್ಡವರ ಕೊಳವೆಯಲ್ಲಿ ಬಿಟ್ಟ ಉಸಿರು ಹೆಚ್ಚಾಗಿ ಒಳಗೇ ಉಳಿದು, ಅದನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕು ಮಕ್ಕಳಿಗೆ ಬೇಡವೇ ಬೇಡ: ಒಳಗಿನ ಜಾಗ ದೊಡ್ಡದು, ಗಾಬರಿಯಾದಾಗ ತಕ್ಷಣ ಕಿತ್ತೆಸೆಯಲಾಗದು. ಮುಳುಗುವ ಮುನ್ನ ಬೇಗಬೇಗ ಹತ್ತಾರು ಸಲ ಉಸಿರಾಡಿ 'ತುಂಬಿಕೊಳ್ಳುವ' ಅಭ್ಯಾಸವನ್ನೂ ಕಲಿಸಬೇಡಿ. ಅದರಿಂದ ದೇಹದ ಕಾರ್ಬನ್ ಡೈಆಕ್ಸೈಡ್ ಇಳಿದು, ಉಸಿರು ಬೇಕೆನ್ನುವ ಎಚ್ಚರಿಕೆ ಬರುವ ಮುಂಚೆಯೇ ನೀರೊಳಗೆ ಪ್ರಜ್ಞೆ ತಪ್ಪಬಹುದು.

ತುಂಬು ತೋಳಿನ ಈಜುಡುಗೆ ಹಾಕಿ. ಸುಡುವುದು ಬೆನ್ನು ಮತ್ತು ಮೀನಖಂಡ. ಅರ್ಧ ಲೀಟರ್ ವಿನೆಗರ್ ಚೀಲದಲ್ಲಿರಲಿ. ಬಾಕ್ಸ್ ಜೆಲ್ಲಿಮೀನು ಕುಟುಕಿದರೆ ಉಜ್ಜದೆ, ಸಿಹಿನೀರು ತಾಗಿಸದೆ, ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿದು ಆಸ್ಪತ್ರೆಗೆ ನಡೆಯಿರಿ.

ಪ್ರಶ್ನೆ: ಗಾಳಿ ತುಂಬುವ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಕೊಂಡಿದ್ದೇನೆ. ಮ್ಯಾಂಗ್ರೋವ್ (ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು) ಕಾಲುವೆಗಳಲ್ಲಿ ಸ್ವಂತವಾಗಿ ಹೋಗಬಹುದೇ?

ಉತ್ತರ: ಬೇಡ. ಆ ಕಾಲುವೆಗಳು ಉಪ್ಪುನೀರಿನ ಮೊಸಳೆಯ ಮನೆ. ಅದು ಕಡಲಲ್ಲೂ ಈಜುತ್ತದೆ; 2010ರಲ್ಲಿ ಹ್ಯಾವ್‌ಲಾಕ್‌ನ (ಈಗಿನ ಸ್ವರಾಜ್ ದ್ವೀಪ) ರಾಧಾನಗರ ತೀರದ ಬಳಿ ಸ್ನಾರ್ಕೆಲ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಸ್ಥಳೀಯ ಮಾರ್ಗದರ್ಶಿಯೊಂದಿಗೆ, ಗಟ್ಟಿ ಕಯಾಕಿನಲ್ಲಿ, ಹಗಲಲ್ಲಿ ಹೋಗುವುದು ಬೇರೆ ಮಾತು. ಗಾಳಿಯ ಕಯಾಕನ್ನು ಮೊಸಳೆ ಎಚ್ಚರಿಕೆಯ ಫಲಕವಿಲ್ಲದ ತೀರದಲ್ಲಿ, ಕಾಲುವೆ ಬಾಯಿಯಿಂದ ದೂರ ಬಳಸಿ. ದಡದಿಂದ ಕಡಲಿನತ್ತ ಗಾಳಿ ಬೀಸುವ ದಿನ ಇಳಿಸಲೇಬೇಡಿ: ಹಗುರಾದ್ದರಿಂದ ಹೋಗುವುದು ಸುಲಭ, ಹಿಂತಿರುಗುವುದು ಕಷ್ಟ. ಮೀನು ತೊಳೆದ ನೀರು, ಕಸ ಚೆಲ್ಲಿದ ಜಾಗದಲ್ಲಿ ಕಾಲೂ ಇಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಮೌಂಟ್ ಹ್ಯಾರಿಯೆಟ್ ಹತ್ತಬಹುದೇ?

ಉತ್ತರ: ಈಗಿನ ಹೆಸರು ಮೌಂಟ್ ಮಣಿಪುರ. ಚಾಥಮ್‌ನಿಂದ ಬ್ಯಾಂಬೂ ಫ್ಲ್ಯಾಟ್‌ಗೆ ದೋಣಿಯಲ್ಲಿ ದಾಟಿ ಹೋಗಬಹುದು. ಇಂಬಳ ಇರುತ್ತದೆ, ಮಲೆನಾಡಿನವರಿಗೆ ಹೇಳಬೇಕಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮೇಲೆ ಹೊಗೆಸೊಪ್ಪಿನ ನೀರು ಸವರಿ. ಮಳೆ ತೊಳೆದಾಗ ಮತ್ತೆ ಸವರಬೇಕು. ಕಚ್ಚಿದ್ದನ್ನು ಎಳೆಯದೆ, ಉಗುರನ್ನು ಅದರ ಬಾಯಡಿ ತೂರಿಸಿ ಬಿಡಿಸಿ.

ಪ್ರಶ್ನೆ: ತೀರದಲ್ಲಿ ಬಿದ್ದ ಹವಳ ಊರಿಗೆ ಒಯ್ಯಬಹುದೇ?

ಉತ್ತರ: ಇಲ್ಲ. ಸತ್ತ ತುಂಡಾದರೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.