ಥೈರಾಯ್ಡ್ ಮಾತ್ರೆ ತಗೊಳ್ತಿದ್ದೀನಿ, ರಿಪೋರ್ಟ್ ನಾರ್ಮಲ್ ಅಂತಾರೆ, ಆದರೂ ಇಷ್ಟೊಂದು ಸುಸ್ತು ಯಾಕೆ?

ನೀವು ಕೊಟ್ಟಿರುವ ಅಂಕಿಗಳನ್ನು ಮೊದಲು ಒಂದು ಕಡೆ ಬರೆದುಕೊಳ್ಳುತ್ತೇನೆ. ಟಿಎಸ್‌ಎಚ್ 3.1 (ಥೈರಾಯ್ಡ್ ಹಾರ್ಮೋನು ಸಾಲದಿದ್ದರೆ ಏರುವ ಅಂಕಿ ಇದು), ಹಿಮೋಗ್ಲೋಬಿನ್ 12.3, ಫೆರಿಟಿನ್ 16, ಬಿ12 238, ವಿಟಮಿನ್ ಡಿ 19. ದಿನಕ್ಕೆ ಥೈರಾಯ್ಡ್ ಮಾತ್ರೆ, ಅಂದರೆ ಥೈರಾಕ್ಸಿನ್, 75 ಮೈಕ್ರೋಗ್ರಾಂ. ಲ್ಯಾಬಿನವರು ಗುರುತು ಹಾಕಿರುವುದು ಡಿ ಒಂದಕ್ಕೆ ಮಾತ್ರ. ಆದರೆ ಮಧ್ಯಾಹ್ನ ಮೂರು ಗಂಟೆಗೆಲ್ಲ ಕುಸಿದು ಬೀಳುವಷ್ಟು ಸುಸ್ತು, ಬಾಚಣಿಗೆ ತುಂಬಾ ಕೂದಲು. ಇದೆಲ್ಲ ನನ್ನ ಭ್ರಮೆಯಾ ಅಂತ ಕೇಳಿದ್ದೀರಿ.

ಭ್ರಮೆ ಅಲ್ಲ. ನಾನು ಡಾಕ್ಟರಲ್ಲ, ಹನ್ನೊಂದು ವರ್ಷದಿಂದ ಇದೇ ಮಾತ್ರೆ ನುಂಗುತ್ತಿರುವವಳು ಅಷ್ಟೇ. ಆದರೆ ನನ್ನ ಕಣ್ಣು ಮೊದಲು ಹೋಗಿದ್ದು ಗುರುತು ಹಾಕಿದ ಡಿ ಮೇಲಲ್ಲ, ಗುರುತೇ ಇಲ್ಲದ ಫೆರಿಟಿನ್ ಮೇಲೆ.

ಹಿಮೋಗ್ಲೋಬಿನ್ ಅಡುಗೆಮನೆಯ ಡಬ್ಬಿ ಇದ್ದಂತೆ, ಫೆರಿಟಿನ್ ಕಣಜದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಕಬ್ಬಿಣ ಸಾಲದಿದ್ದಾಗ ದೇಹ ಕಣಜದಿಂದ ತೆಗೆದು ತೆಗೆದು ಡಬ್ಬಿ ತುಂಬಿಸುತ್ತಿರುತ್ತದೆ. ಕಣಜ ಬರಿದಾಗಿ ಡಬ್ಬಿಯೂ ತಳ ಕಂಡಾಗ ಅದಕ್ಕೆ ರಕ್ತಹೀನತೆ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬಸುರಿಯಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ. ನೀವು ಎರಡೂ ಗೆರೆಗಳನ್ನು ಕೂದಲೆಳೆಯಲ್ಲಿ ದಾಟಿದ್ದೀರಿ. ಅದಕ್ಕೇ ರಿಪೋರ್ಟಿನಲ್ಲಿ ಗುರುತು ಬಿದ್ದಿಲ್ಲ. ಆದರೆ ಸುಸ್ತಿನ ಜೊತೆ 30ಕ್ಕಿಂತ ಕಡಿಮೆ ಬಂದರೆ ಅದನ್ನೂ ಕೊರತೆ ಅಂತಲೇ ನೋಡುವ ಡಾಕ್ಟರುಗಳು ಬಹಳ ಇದ್ದಾರೆ. ನಾರ್ಮಲ್ ಅಂತ ಮುದ್ರಿಸುವ ಶ್ರೇಣಿ ಹೇಗೆ ಬರುತ್ತದೆ ಗೊತ್ತಾ? ಆರೋಗ್ಯವಾಗಿದ್ದಾರೆ ಅಂದುಕೊಂಡ ಒಂದಷ್ಟು ಜನರನ್ನು ಪರೀಕ್ಷಿಸಿ, ಸಾಮಾನ್ಯವಾಗಿ ಅವರಲ್ಲಿ ನಡುವಿನ 95% ಜನರ ಅಂಕಿಯನ್ನು ತೆಗೆದುಕೊಳ್ಳುತ್ತಾರೆ. ಆ ಗುಂಪಿನಲ್ಲೇ ಕಬ್ಬಿಣ ಕಡಿಮೆ ಇರುವ ಹೆಂಗಸರು ಸೇರಿಕೊಂಡಿದ್ದರೆ ಕೆಳಗಿನ ಗೆರೆಯೂ ಕೆಳಗೇ ಇಳಿಯುತ್ತದೆ ಅಲ್ವಾ?

ಒಂದು ಎಚ್ಚರಿಕೆ. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಮ್ನೆ ಏರುತ್ತದೆ. ಹಾಗಾಗಿ ಕಡಿಮೆ ಬಂದರೆ ನಂಬಿ, ನಾರ್ಮಲ್ ಬಂದರೆ ಆ ವಾರ ಮೈ ಹುಷಾರಿತ್ತಾ ಅಂತ ನೆನಪು ಮಾಡಿಕೊಳ್ಳಿ. ಸೀರಮ್ ಐರನ್ ಒಂದನ್ನೇ ಮಾಡಿಸಿ ಪ್ರಯೋಜನವಿಲ್ಲ, ಅದು ಬೆಳಗ್ಗೆಗೂ ಸಂಜೆಗೂ ಬದಲಾಗುತ್ತದೆ. ಅದರ ಜೊತೆ ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನುವ ಪರೀಕ್ಷೆ) ಮಾಡಿಸಿದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ಆ ಜಾಗದಲ್ಲಿ ಎಷ್ಟು ಶೇಕಡಾ ಕಬ್ಬಿಣ ತುಂಬಿದೆ ಅಂತ, ಸಿಗುತ್ತದೆ. 20ಕ್ಕಿಂತ ಕೆಳಗೆ ಬಂದರೆ ಕೊರತೆಯ ಅನುಮಾನ ಗಟ್ಟಿಯಾಗುತ್ತದೆ.

ಥೈರಾಯ್ಡ್ ಇರುವವರಿಗೇ ಇದು ಯಾಕೆ ಜಾಸ್ತಿ? ಥೈರಾಯ್ಡ್ ಕಡಿಮೆ ಇದ್ದಾಗ ಮುಟ್ಟಿನ ರಕ್ತಸ್ರಾವ ಹೆಚ್ಚಾಗಬಹುದು, ಕಬ್ಬಿಣ ಹೋಗುವುದೇ ಅಲ್ಲಿಂದ. ಇನ್ನು ಹಾಶಿಮೋಟೊ ಅಂದರೆ ದೇಹದ ರಕ್ಷಣಾ ಪಡೆಯೇ ಥೈರಾಯ್ಡ್ ಮೇಲೆ ಬೀಳುವ ಕಾಯಿಲೆ. ಅದು ಇರುವವರಲ್ಲಿ ಕೆಲವರಿಗೆ ಆ ಪಡೆ ಥೈರಾಯ್ಡ್ ಜೊತೆಗೆ ಜಠರದ ಒಳಪದರಕ್ಕೂ ಕೈ ಹಾಕಿರುತ್ತದೆ. ಆಗ ಆಮ್ಲ ಕಡಿಮೆಯಾಗಿ ದೇಹ ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ, ಬಿ12 ಅನ್ನೂ ಸರಿಯಾಗಿ ಹೀರುವುದಿಲ್ಲ. ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯೂ ಇವರಲ್ಲಿ ಉಳಿದವರಿಗಿಂತ ಜಾಸ್ತಿ. ಕಬ್ಬಿಣ, ಬಿ12 ಎರಡೂ ಒಟ್ಟಿಗೆ ಕೆಳಗಿದ್ದರೆ, ನಿಮ್ಮದು ಹಾಗೇ ಇದೆ, ಮಾತ್ರೆ ನುಂಗುವುದರ ಜೊತೆಗೆ ಕಾರಣವನ್ನೂ ಹುಡುಕಿಸಬೇಕು.

ಈಗ ನನ್ನ ದಡ್ಡತನ ಕೇಳಿ. ನನ್ನ ಫೆರಿಟಿನ್ 11 ಬಂದಾಗ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಅಂದರು. ಥೈರಾಕ್ಸಿನ್ ಕೂಡ ಖಾಲಿ ಹೊಟ್ಟೆಗೇ ತಾನೆ? ಎದ್ದ ಕೂಡಲೇ ಅಂಗೈಯಲ್ಲಿ ಎರಡನ್ನೂ ಇಟ್ಟುಕೊಂಡು, ಬಿಳಿಯದೊಂದು, ಕೆಂಪಗಿನದೊಂದು, ಒಂದೇ ಗುಟುಕಿಗೆ ನುಂಗುತ್ತಿದ್ದೆ. ಎಷ್ಟು ಶಿಸ್ತು ನನ್ನದು ಅಂತ ಹೆಮ್ಮೆ ಬೇರೆ. ಎರಡು ತಿಂಗಳಾದ ಮೇಲೆ ಟಿಎಸ್‌ಎಚ್ 2.6ರಿಂದ 8ಕ್ಕೆ ಏರಿತ್ತು. ಡೋಸ್ ಜಾಸ್ತಿ ಮಾಡಿದರು. ಆ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋದಾಗ ಅಲ್ಲಿದ್ದ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಎರಡನ್ನೂ ಎಷ್ಟು ಗಂಟೆಗೆ ತಗೊಳ್ತೀರಿ?" ಕಬ್ಬಿಣ ಹೊಟ್ಟೆಯಲ್ಲೇ ಥೈರಾಕ್ಸಿನ್‌ಗೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ ಕೂಡ ಹಾಗೇ. ನಡುವೆ ನಾಲ್ಕು ಗಂಟೆ ಅಂತರ ಬೇಕು. ಡಾಕ್ಟರನ್ನು ಕೇಳಿ ಕಬ್ಬಿಣವನ್ನು ರಾತ್ರಿಗೆ ಹಾಕಿಕೊಂಡೆ, ಹಳೆಯ ಡೋಸೇ ಸಾಕಾಯಿತು. ಕಾಫಿಗೂ ಥೈರಾಕ್ಸಿನ್ ಆಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು, ನನಗೆ ಕಷ್ಟವಾಗಿದ್ದು ಅದೇ.

ನಿಮ್ಮ ಬಿ12 ಬಗ್ಗೆ. ಪಿಕೋಗ್ರಾಂ ಲೆಕ್ಕದಲ್ಲಿ 200ರಿಂದ 300ರ ನಡುವೆ ಬಂದರೆ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ಅಂಥ ಕಡೆ, ಬಿ12 ಸಾಲದಿದ್ದಾಗ ರಕ್ತದಲ್ಲಿ ಏರುವ ಮೀಥೈಲ್‌ಮಲೋನಿಕ್ ಆಸಿಡ್‌ನ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಹೋಮೋಸಿಸ್ಟೀನ್ ಅನ್ನೂ ಮಾಡುತ್ತಾರೆ, ಆದರೆ ಅದು ಥೈರಾಯ್ಡ್ ಕಡಿಮೆ ಇದ್ದರೂ ಏರುವುದರಿಂದ ನಮ್ಮಂಥವರಿಗೆ ಅಷ್ಟು ನೆಚ್ಚಿಗೆಯದಲ್ಲ. ಕೈಕಾಲು ಜುಮುಜುಮು ಅನ್ನುತ್ತಿದೆಯಾ? ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಮತ್ತೆ, ಬಿ12 ನೋಡಿಸದೆ ಬರೀ ಫೋಲಿಕ್ ಆಸಿಡ್ ನುಂಗಬೇಡಿ. ಬಿ12 ಕೊರತೆ ಇದ್ದರೆ ರಕ್ತ ಸರಿ ಹೋದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ.

ರಿಪೋರ್ಟಿನಲ್ಲಿ ಎಂಸಿವಿ ಅಂತ ಒಂದು ಸಾಲಿರುತ್ತದೆ, ಕೆಂಪು ರಕ್ತಕಣಗಳ ಸರಾಸರಿ ಗಾತ್ರ. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆ ಇದ್ದರೆ? ಒಬ್ಬ ಕುಳ್ಳ, ಒಬ್ಬ ಉದ್ದ, ಸರಾಸರಿ ತೆಗೆದರೆ ಇಬ್ಬರೂ ಮಧ್ಯಮ ಎತ್ತರ! ಎಂಸಿವಿ ನಾರ್ಮಲ್ ಅಂತ ಬಂದುಬಿಡುತ್ತದೆ. ಪಕ್ಕದ ಆರ್‌ಡಿಡಬ್ಲ್ಯೂ ನೋಡಿ. ಕಣಗಳ ಗಾತ್ರ ಒಂದಕ್ಕೊಂದು ಹೊಂದದಿದ್ದರೆ ಆ ಅಂಕಿ ಏರಿರುತ್ತದೆ.

ಡಿ 19 ಅಂದರೆ ನ್ಯಾನೋಗ್ರಾಂ ಲೆಕ್ಕವೋ ನ್ಯಾನೋಮೋಲ್ ಲೆಕ್ಕವೋ ನೋಡಿಕೊಳ್ಳಿ. ನ್ಯಾನೋಗ್ರಾಂ ಅನ್ನು 2.5ರಿಂದ ಗುಣಿಸಿದರೆ ನ್ಯಾನೋಮೋಲ್. ಮೊದಲನೆಯದಾದರೆ ಸ್ವಲ್ಪ ಕಡಿಮೆ, ಎರಡನೆಯದಾದರೆ ತುಂಬಾ ಕಡಿಮೆ. ಡಿ ಮಾತ್ರೆಯೊಳಗೆ ಎಷ್ಟೋ ಸಲ ಕ್ಯಾಲ್ಸಿಯಂ ಸೇರಿರುತ್ತದೆ, ನಾಲ್ಕು ಗಂಟೆಯ ಲೆಕ್ಕ ಅದಕ್ಕೂ ಉಂಟು.

ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ತಗೊಳ್ತಿದ್ದೀರಾ? ಹೆಚ್ಚಿನ ಡೋಸಿನ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಿಬಿಡುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಿ, ಡಾಕ್ಟರಿಗೂ ಹೇಳಿ.

ಕಬ್ಬಿಣದ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ. ಕೆಲವರ ದೇಹ ಹುಟ್ಟಿನಿಂದಲೇ ಕಬ್ಬಿಣ ಕೂಡಿಡುತ್ತದೆ, ಅವರಿಗೆ ಅದು ವಿಷ. ನಿಮ್ಮ ಫೆರಿಟಿನ್ ನೋಡಿದರೆ ಆ ಭಯ ಕಾಣುವುದಿಲ್ಲ, ಆದರೂ ಎಷ್ಟು, ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ಹೇಳಲಿ. ಹಿಮೋಗ್ಲೋಬಿನ್ ಸರಿ ಹೋದ ಮೇಲೂ ಕಣಜ ತುಂಬಲು ಇನ್ನೂ ಮೂರು ತಿಂಗಳಷ್ಟು ಬೇಕಾಗುತ್ತದೆ, ನಡುವೆ ಬಿಟ್ಟುಬಿಡಬೇಡಿ.

ನಿಮ್ಮ ಎಂಸಿವಿ, ಆರ್‌ಡಿಡಬ್ಲ್ಯೂ ಎಷ್ಟಿದೆ? ಯಾವ ಮಾತ್ರೆ ಎಷ್ಟು ಗಂಟೆಗೆ ತಗೊಳ್ತೀರಿ? ಅದನ್ನೂ ಬರೆದು ಹಾಕಿ, ನೋಡೋಣ.