ಬಿಪಿ, ಶುಗರ್ ಇಲ್ಲದ ತಂಗಿಗೆ ಸ್ಟ್ರೋಕ್ ಹೇಗಾಯಿತು?

ಪ್ರಶ್ನೆ: ನನ್ನ ತಂಗಿಗೆ 31 ವರ್ಷ. ಬಿಪಿ, ಶುಗರ್ ಎರಡೂ ಇಲ್ಲ. ಎರಡು ತಿಂಗಳ ಹಿಂದೆ ದೋಸೆ ಎರೆಯುವಾಗ ಬಲಗೈಯಿಂದ ಸೌಟು ಜಾರಿತು, ಮಾತು ತೊದಲಿತು. ಮಂಗಳೂರಿಗೆ ಕರೆದೊಯ್ದೆವು, ಸ್ಟ್ರೋಕ್ ಎಂದರು. ರಕ್ತದಲ್ಲಿ 'ಲೂಪಸ್ ಆಂಟಿಕೋಆಗ್ಯುಲಂಟ್' ಪಾಸಿಟಿವ್. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ಕೊಟ್ಟಿದ್ದಾರೆ. ಆಂಟಿಕೋಆಗ್ಯುಲಂಟ್ ಅಂದ್ರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಅಲ್ವಾ? ಮತ್ತೆ ಮಾತ್ರೆ ಯಾಕೆ? ಬಸಳೆ ತಿನ್ನಬಹುದಾ? ಮೂರು ವರ್ಷದ ಹಿಂದೆ ಐದನೇ ತಿಂಗಳಲ್ಲಿ ಅವಳ ಗರ್ಭ ಹೋಗಿತ್ತು.
– ಒಬ್ಬ ಅಕ್ಕ, ಕುಮಟಾ

ಉತ್ತರ: ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಉಳಿದದ್ದು ಆಮೇಲೆ.

ಆ ಹೆಸರೇ ದಾರಿ ತಪ್ಪಿಸುತ್ತದೆ. ಲ್ಯಾಬಿನ ಕೊಳವೆಯಲ್ಲಿ ಈ ಆಂಟಿಬಾಡಿ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ, ಅದಕ್ಕೆ ಆ ಹೆಸರು. ಮೈಯೊಳಗೆ ಪೂರ್ತಿ ಉಲ್ಟಾ. ರೋಗಾಣು ಜೊತೆ ಹೋರಾಡಬೇಕಾದ ಆಂಟಿಬಾಡಿ ನಮ್ಮದೇ ರಕ್ತನಾಳದ ಒಳಗೋಡೆಯನ್ನೂ ಹೆಪ್ಪುಗಟ್ಟಿಸುವ ರಕ್ತಕಣಗಳಾದ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸುತ್ತದೆ. ಹೆಪ್ಪು ಕಟ್ಟುತ್ತದೆ. ಮಿದುಳಿನ ನಾಳದಲ್ಲಿ ಕಟ್ಟಿದರೆ ಸ್ಟ್ರೋಕ್. ಗರ್ಭಿಣಿಯಲ್ಲಿ ಮಾಸಿಗೆ (ಪ್ಲಸೆಂಟಾ) ತೊಂದರೆ ಕೊಟ್ಟರೆ ಮಗು ಉಳಿಯದೇ ಹೋಗಬಹುದು. ನೀವು ಕೊನೆಗೆ ಬರೆದ ಆ ಒಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಎರಡಕ್ಕೂ ಬೇರು ಒಂದೇ ಇರಬಹುದು. ಡಾಕ್ಟರಿಗೆ ಅದನ್ನು ಹೇಳಿಲ್ಲವಾದರೆ ನಾಳೆಯೇ ಹೇಳಿ. ಪಾಪ, ಆಗ ತನ್ನದೇ ತಪ್ಪು ಅಂದುಕೊಂಡಿದ್ದರೆ ಅಲ್ಲ ಎಂದು ತಂಗಿಗೂ ಹೇಳಿ.

ಹೆಸರಲ್ಲಿ ಲೂಪಸ್ ಇದ್ದ ಮಾತ್ರಕ್ಕೆ ಲೂಪಸ್ ಕಾಯಿಲೆ (ರೋಗನಿರೋಧಕ ಶಕ್ತಿ ನಮ್ಮ ಮೈ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇದೆ ಅಂತಲ್ಲ.

ಈ ಆಂಟಿಬಾಡಿಯೇ ಕಾರಣ ಎಂದು ಖಚಿತಪಡಿಸಲು ಒಂದು ಸಲದ ಪಾಸಿಟಿವ್ ಸಾಲದು. ಜ್ವರ, ಸೋಂಕಿನ ನಂತರವೂ ಈ ಆಂಟಿಬಾಡಿ ಸ್ವಲ್ಪ ದಿನ ಕಾಣಿಸಬಹುದು. ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಜೊತೆಗೆ ಇದೇ ಗುಂಪಿನ ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್ ಆಂಟಿಬಾಡಿಗಳನ್ನೂ ನೋಡಬೇಕು. ವಾರ್ಫರಿನ್ ಇರುವಾಗ ಲೂಪಸ್ ಆಂಟಿಕೋಆಗ್ಯುಲಂಟ್ ಪರೀಕ್ಷೆಯ ಫಲಿತಾಂಶ ಗೊಂದಲವಾಗುತ್ತದೆ, ಹಾಗಾಗಿ ಲ್ಯಾಬಿನವರಿಗೆ ಮೊದಲೇ ತಿಳಿಸಿ. ಮತ್ತೆಯೂ ಪಾಸಿಟಿವ್ ಬಂದರೆ ಮಾತ್ರೆ ಬಹಳ ವರ್ಷ, ಸಾಮಾನ್ಯವಾಗಿ ಜೀವನಪೂರ್ತಿ ಬೇಕಾಗುತ್ತದೆ.

ಬಸಳೆ ತಿನ್ನಲಿ, ತೊಂದರೆಯಿಲ್ಲ. ಆದರೆ ಒಂದು ವಾರ ದಿನಾ ಬಸಳೆ-ಹರಿವೆ, ಮುಂದಿನ ವಾರ ಸೊಪ್ಪೇ ಇಲ್ಲ ಅಂತಾಗಬಾರದು. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಸಿರ್ಸಿ ಕಡೆಯ ಒಬ್ಬ ಹೆಣ್ಣುಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಪ್ರತಿ ಸಲದ ಐಎನ್‌ಆರ್ ಬರೆದು, ಆ ಹಾಳೆ ಹರಿದು ತಂದು ನನಗೆ ತೋರಿಸುತ್ತಾರೆ. ನೀವೂ ಹಾಗೆ ಮಾಡಿ. ಮೈಕೈ ನೋವಿಗೆ ಸುಮ್ನೆ ಅಂಗಡಿ ಮಾತ್ರೆ ನುಂಗುವುದು ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಬೇಡ.

ಮತ್ತೆ ಮಗು ಬೇಕೆಂದರೆ ಗರ್ಭ ನಿಲ್ಲುವ ಮೊದಲೇ ಡಾಕ್ಟರನ್ನು ಕಾಣಲಿ. ವಾರ್ಫರಿನ್ ಹೊಟ್ಟೆಯ ಮಗುವಿಗೆ ಒಳ್ಳೆಯದಲ್ಲ. ಅದನ್ನು ಬದಲಿಸಿ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್, ಸಣ್ಣ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಹೀಗೆ ಚಿಕಿತ್ಸೆ ಪಡೆದು ಅಮ್ಮಂದಿರಾದವರು ಬಹಳ ಜನ ಇದ್ದಾರೆ.