ಮ್ಯಾನೇಜರ್ ಹತ್ತಿರವಾದರು, ಜೊತೆಯವರು ದೂರವಾದರು

ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದ ಒಬ್ಬರ ಪ್ರಕರಣ ಇದು. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಮೂವತ್ತೈದರ ಆಸುಪಾಸು. ವಾಹನ ಸಾಲ ಕೊಡುವ ಖಾಸಗಿ ಫೈನಾನ್ಸ್ ಕಂಪನಿಯ ಶಾಖೆಯಲ್ಲಿ ಕೆಲಸ. ನನ್ನ ಬಳಿ ಕಳಿಸಿದ್ದು ಅವರ ಹೆಂಡತಿ. ಮನೆಗೆ ಬಂದರೆ ಮಾತಿಲ್ಲ, ಮಾತಾಡಿದರೆ ಸಿಡಿಮಿಡಿ, ರಾತ್ರಿ ನಿದ್ದೆಯಿಲ್ಲ ಎಂಬುದು ಅವರ ದೂರು.

ಆಫೀಸಿನ ಬಗ್ಗೆ ಕೇಳಿದೆ. "ಎಲ್ಲರಿಗೂ ನನ್ನ ಕಂಡ್ರೆ ಹೊಟ್ಟೆಕಿಚ್ಚು ಮೇಡಂ. ಮ್ಯಾನೇಜರ್‌ಗೆ ನಾನು ಹತ್ತಿರ, ಅದಕ್ಕೆ" ಎಂದರು. ಟೀಗೆ ಹೋಗುವಾಗ ಇವರನ್ನು ಯಾರೂ ಕರೆಯುವುದಿಲ್ಲ. ಇವರನ್ನು ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದಾರೆ. ಬೆನ್ನ ಹಿಂದೆ 'ಬಕೆಟ್' ಅನ್ನುತ್ತಾರಂತೆ.

ಮೀಟಿಂಗ್‌ನಲ್ಲಿ ಮ್ಯಾನೇಜರ್ ಏನು ಹೇಳಿದರೂ ಇವರದು "ಸೂಪರ್ ಸರ್". ಅವರು ಊರಿಗೆ ಹೊರಟರೆ ಬಸ್ ಸ್ಟ್ಯಾಂಡಿಗೆ ಡ್ರಾಪ್, ಮಗಳ ಹುಟ್ಟುಹಬ್ಬಕ್ಕೆ ಕೇಕ್. ಇದಕ್ಕೊಂದು ಕಾರಣವಿತ್ತು. ಹಿಂದಿನ ಕೆಲಸ ಹೋದಾಗ ಇವರು ತಿಂಗಳುಗಟ್ಟಲೆ ಮನೆಯಲ್ಲಿ ಕೂತಿದ್ದರು. ಈಗ ಮನೆ ಸಾಲದ ಕಂತಿದೆ. "ಟಾರ್ಗೆಟ್ ಮುಟ್ಟದ ತಿಂಗಳು ಸರ್ ನನ್ನ ಕೈಬಿಡಬಾರದಲ್ವಾ?" ಎಂದರು. ಹೀಗೆ ಭಯದಿಂದ ಹೊಗಳುವವರು ಬಹಳ ಮಂದಿ ಇದ್ದಾರೆ. ಅವರನ್ನು ಕೀಳಾಗಿ ನೋಡಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಬರೀ ಹೊಗಳಿಕೆಗೆ ಇಡೀ ಶಾಖೆ ಮಾತು ಬಿಡುವುದಿಲ್ಲ. ಮುಂದಿನ ಭೇಟಿಯಲ್ಲಿ ಉಳಿದದ್ದು ಹೊರಗೆ ಬಂತು. ಇವರಿಗೆ ಕೆಲಸ ಕಲಿಸಿದ ಹಿರಿಯ ಸಹೋದ್ಯೋಗಿಯೊಬ್ಬರು ಒಮ್ಮೆ ಫೀಲ್ಡ್ ವಿಸಿಟ್ ಎಂದು ಹೇಳಿ, ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. "ಯಾರಿಗೂ ಹೇಳ್ಬೇಡ ಕಣೋ" ಎಂದಿದ್ದರು. ಮ್ಯಾನೇಜರ್ "ಎಲ್ಲಿ ಅವನು?" ಎಂದು ಕೇಳಿದ್ದೇ ತಡ, ಇವರು ಎಲ್ಲವನ್ನೂ ಹೇಳಿಬಿಟ್ಟರು. ಹಿರಿಯರಿಗೆ ಮೆಮೊ ಬಂತು. ಆಮೇಲೆ ಇನ್ನೊಂದು ಆಯಿತು. ಸಹೋದ್ಯೋಗಿ ಹುಡುಗಿಯೊಬ್ಬಳು ವಾರಗಟ್ಟಲೆ ಓಡಾಡಿ ವಸೂಲಿ ಮಾಡಿದ ಸಾಲ, ಇನ್ಸೆಂಟಿವ್ ಪಟ್ಟಿಯಲ್ಲಿ ಇವರ ಹೆಸರಿಗೆ ಬಂತು. ಇವರು ಸುಮ್ಮನಿದ್ದರು.

ಇವರು ಹೊಟ್ಟೆಕಿಚ್ಚು ಅಂದುಕೊಂಡದ್ದು ಹೊಟ್ಟೆಕಿಚ್ಚಲ್ಲ. ಇವರೆದುರು ಆಡಿದ ಮಾತು ಕ್ಯಾಬಿನ್ ಸೇರುತ್ತದೆ ಎಂಬ ಭಯ ಅದು. ಇದನ್ನು ನೇರವಾಗಿಯೇ ಹೇಳಿದೆ. ತುಂಬಾ ಹೊತ್ತು ಸುಮ್ಮನೆ ಕೂತರು. "ಹಾಗಾದ್ರೆ ತಪ್ಪೆಲ್ಲ ನನ್ನದೇನಾ?" ಎಂದರು. ಎಲ್ಲವೂ ಅಲ್ಲ. ಒಬ್ಬರಿಂದ ಇನ್ನೊಬ್ಬರ ಸುದ್ದಿ ತರಿಸಿಕೊಳ್ಳುವ ಮ್ಯಾನೇಜರ್‌ನ ಪಾಲು ದೊಡ್ಡದು. ಆದರೆ ನನ್ನ ಮುಂದೆ ಕೂತಿದ್ದವರು ಇವರು. ಬದಲಾಯಿಸಿಕೊಳ್ಳಲು ಆಗುವುದು ಇವರ ಪಾಲನ್ನಷ್ಟೇ.

ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞೆ ರೂಸ್ ವೋಂಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಇವರಿಗೆ ಹೇಳಿದೆ. ಹೊಗಳಿಸಿಕೊಂಡವರಿಗೆ ಹೊಗಳಿದವರು ಇಷ್ಟವಾಗುತ್ತಾರೆ. ಪಕ್ಕದಲ್ಲಿ ನಿಂತು ನೋಡಿದವರಿಗೆ ಅಷ್ಟು ಇಷ್ಟವಾಗುವುದಿಲ್ಲ. ಹಾಗಾಗಿ ಮ್ಯಾನೇಜರ್ ನಗುವುದನ್ನು ನೋಡಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳುವುದು ಸುಲಭ. ಹೆಂಡತಿಯ ದೂರಿಗೂ ಇದರಲ್ಲಿ ಉತ್ತರವಿದೆ. ಚೀನಾದ ಉದ್ಯೋಗಿಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಮೇಲಿನವರನ್ನು ಓಲೈಸುವುದರಲ್ಲೇ ಮನಸ್ಸಿನ ಹಿಡಿತ ಖರ್ಚಾಗುತ್ತದೆ. ಆಮೇಲೆ ಜೊತೆಯವರ ಮೇಲೆ ರೇಗುವುದು, ಕೆಲಸ ತಪ್ಪಿಸಿಕೊಳ್ಳುವುದು ಜಾಸ್ತಿಯಾಗುತ್ತದೆ. ಇವರ ವಿಷಯದಲ್ಲಿ ಆ ಸಿಟ್ಟು ಮನೆಯವರೆಗೂ ಬರುತ್ತಿತ್ತು ಎಂದು ನನಗೆ ಅನ್ನಿಸಿತು.

ಮ್ಯಾನೇಜರ್ ಜೊತೆ ಏಕಾಏಕಿ ದೂರವಾಗಬೇಡಿ ಎಂದೆ. ಒಳ್ಳೆಯ ಕೆಲಸ ಕಂಡರೆ ಹೊಗಳಿ, ಆದರೆ ಏನು ಚೆನ್ನಾಗಿತ್ತು ಎಂದು ಹೇಳಿ ಹೊಗಳಿ. ಸುದ್ದಿ ಮುಟ್ಟಿಸುವುದನ್ನು ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. ಯಾರ ಬಗ್ಗೆಯಾದರೂ ಕೇಳಿದರೆ, "ನಂಗೆ ಸರಿಯಾಗಿ ಗೊತ್ತಿಲ್ಲ ಸರ್, ಅವರನ್ನೇ ಕೇಳಿಬಿಡಿ" ಅನ್ನಿ. ಈ ಮಾತು ಅವರ ಗಂಟಲಿಂದ ಹೊರಡಲೇ ಇಲ್ಲ. ನಾನು ಮ್ಯಾನೇಜರ್ ಆಗಿ ಕೂತು, ಗದರಿಸಿ, ನಗಿಸಿ ಕೇಳಿದೆ. ಮತ್ತೆ ಮತ್ತೆ ಹೇಳಿಸಿದ ಮೇಲೆ ಧ್ವನಿ ಗಟ್ಟಿಯಾಯಿತು.

ಹಿರಿಯರ ಹತ್ತಿರ ಒಬ್ಬರೇ ಹೋಗಿ, "ಹೇಳಿದ್ದು ನಾನೇ, ತಪ್ಪಾಯ್ತು ಅಣ್ಣ" ಎಂದಷ್ಟೇ ಹೇಳಿ ಎಂದೆ. ಮನೆ ಸಾಲದ ಕತೆ ಬೇಡ, ಕ್ಷಮಿಸಿ ಎಂದು ಒತ್ತಾಯಿಸುವುದೂ ಬೇಡ. ಅವರ ಸಿಟ್ಟು ಇಳಿಯಲು ಎಷ್ಟು ದಿನ ಬೇಕೋ ಅಷ್ಟು ದಿನ ಅವರದು. ಇನ್ಸೆಂಟಿವ್ ವಿಷಯದಲ್ಲಿ ಕ್ಷಮೆ ಸಾಲದು, ದುಡ್ಡೇ ವಾಪಸ್ಸಾಗಬೇಕು. ಇವರು ಹೆಚ್ಚು ಹೆದರಿದ್ದು ಇದಕ್ಕೇ.

ಪಟ್ಟಿ ಸರಿಯಾಯಿತು. ಮ್ಯಾನೇಜರ್ ಮುಖ ಬಿಗಿದುಕೊಂಡರಂತೆ, ಆದರೆ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಹಿರಿಯರು ಕೇಳಿಸಿಕೊಂಡು "ಸರಿ ಬಿಡು" ಎಂದು ಎದ್ದುಹೋದರು. ಈಗ ಫೈಲಿನ ವಿಷಯಕ್ಕೆ ಮಾತಾಡುತ್ತಾರೆ, ಅಷ್ಟೇ. ನಿದ್ದೆ ಪರವಾಗಿಲ್ಲ.

ಇದನ್ನು ಓದುತ್ತಿರುವ ಮ್ಯಾನೇಜರ್‌ಗಳು ದಯವಿಟ್ಟು ಒಂದು ಅಭ್ಯಾಸ ಮಾಡಿಕೊಳ್ಳಿ. ಯಾರಾದರೂ ಇನ್ನೊಬ್ಬರ ಮೇಲೆ ಚಾಡಿ ತಂದರೆ, "ಅವರನ್ನೂ ಕರೀರಿ, ಒಟ್ಟಿಗೇ ಮಾತಾಡೋಣ" ಅನ್ನಿ. ಚಾಡಿ ತರುವವರು ತಾವಾಗಿಯೇ ಕಡಿಮೆಯಾಗುತ್ತಾರೆ.

ಇವರ ಮ್ಯಾನೇಜರ್ ಈಗ ಹೊಸದಾಗಿ ಸೇರಿದ ಹುಡುಗನನ್ನು ಕ್ಯಾಬಿನ್‌ಗೆ ಕರೆಯಲು ಶುರುಮಾಡಿದ್ದಾರೆ. ಅವನಿಗೆ ಇದನ್ನೆಲ್ಲ ಹೇಳಲಾ ಎಂದು ಕಳೆದ ಭೇಟಿಯಲ್ಲಿ ಕೇಳಿದರು. ಖಂಡಿತ ಹೇಳಿ, ಆದರೆ ಅವನ ಹತ್ತಿರ ಮಾತ್ರ ಹೇಳಿ ಎಂದೆ.